ರಜೆಗಿಂತ ಮೊದಲೇ ಬಂದ ಕವಿತೆ

ಜನವರಿಯ ಮೂರನೇ ಸೋಮವಾರ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಹೆಸರಿನ ರಜೆ. ಅಂದು ಚರ್ಚು, ಕಾಲೇಜು, ಗ್ರಂಥಾಲಯಗಳಲ್ಲಿ ಕವಿಯೊಬ್ಬರು ವೇದಿಕೆಯೇರುವುದು ಎಷ್ಟು ರೂಢಿಯಾಗಿದೆಯೆಂದರೆ, ಸರ್ಕಾರ ಮೊದಲು ರಜೆ ಕೊಟ್ಟಿತು, ಕವಿಗಳು ಆಮೇಲೆ ಬಂದರು ಅನ್ನಿಸುತ್ತದೆ. ನಡೆದದ್ದು ತಿರುವುಮುರುವು. ಕಪ್ಪು ಅಮೆರಿಕನ್ನರ ವೇದಿಕೆ ಕಾವ್ಯ ಬೆಳೆದದ್ದೇ ಇಂಥ ಸ್ಮರಣೆಯ ದಿನಗಳಲ್ಲಿ; ಈ ರಜೆಯನ್ನು ತರಿಸಿದವರಲ್ಲೂ ಕವಿಯೊಬ್ಬನಿದ್ದ. 1900ರ ಫೆಬ್ರವರಿ 12ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ, ಲಿಂಕನ್ ಜನ್ಮದಿನಕ್ಕೆಂದು ಜೇಮ್ಸ್ ವೆಲ್ಡನ್ ಜಾನ್ಸನ್ ಬರೆದು ತಮ್ಮ ರೋಸಮಂಡ್ ರಾಗ ಹಾಕಿದ 'ಲಿಫ್ಟ್ ಎವ್ರಿ ವಾಯ್ಸ್ ಆ್ಯಂಡ್ ಸಿಂಗ್' ಹಾಡನ್ನು 500 ಶಾಲಾಮಕ್ಕಳು ಹಾಡಿದರು. ಅಣ್ಣತಮ್ಮಂದಿರು ಊರು ಬಿಟ್ಟರು, ಹಾಡನ್ನು ಮರೆತೂಬಿಟ್ಟರು. ಮಕ್ಕಳು ಬಿಡಲಿಲ್ಲ. ದೊಡ್ಡವರಾಗಿ ಮೇಷ್ಟ್ರಾದವರು ತಮ್ಮ ಮಕ್ಕಳಿಗೆ ಕಲಿಸಿದರು; ಹಾಡಿನ ಪುಸ್ತಕಗಳ ಕೊನೆಯಲ್ಲಿ ಅದರ ಹಾಳೆ ಅಂಟಿಸಿಕೊಂಡರು. ಇಪ್ಪತ್ತು ವರ್ಷದಲ್ಲಿ ಅದು ಜನಾಂಗದ ಗೀತೆಯಾಯಿತು.

1960ರ ದಶಕದಲ್ಲಿ ಈ ಕಾವ್ಯದ ದನಿ ಗಡುಸಾಯಿತು. 1965ರಲ್ಲಿ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಕೊಲೆಯಾದ ಮೇಲೆ ಕವಿ ಅಮಿರಿ ಬರಾಕ ಹಾರ್ಲೆಮ್‌ನಲ್ಲಿ ರಂಗಶಾಲೆ ತೆರೆದರು. 1968ರ ಮೇ 19ರಂದು, ಮಾಲ್ಕಮ್ ಹುಟ್ಟಿದ ದಿನ, ಅಲ್ಲಿನದೇ ಪಾರ್ಕೊಂದರಲ್ಲಿ 'ದಿ ಲಾಸ್ಟ್ ಪೊಯೆಟ್ಸ್' ಎಂಬ ಕವಿಗಳ ತಂಡ ಹುಟ್ಟಿತು. ಆ ಏಪ್ರಿಲ್‌ನಲ್ಲಿ ಕಿಂಗ್ ಕೊಲೆಯಾದ ನಾಲ್ಕೇ ದಿನಕ್ಕೆ ರಜೆಯ ಮಸೂದೆ ಬಂದಿತ್ತು. 1979ರಲ್ಲಿ ಅದು ಕೆಳಮನೆಯಲ್ಲಿ ಐದು ಮತಗಳಿಂದ ಬಿದ್ದುಹೋಯಿತು. ಆಗ ಗಾಯಕ ಸ್ಟೀವಿ ವಂಡರ್, ಕಿಂಗ್ ಜನ್ಮದಿನದ ಹಾಡು ಕಟ್ಟಿಕೊಂಡು ಊರೂರು ಸುತ್ತಿದರು. ಜೊತೆಗೆ ಬರಬೇಕಿದ್ದ ಬಾಬ್ ಮಾರ್ಲಿ ಕಾಯಿಲೆ ಬಿದ್ದದ್ದರಿಂದ ಕವಿ ಗಿಲ್ ಸ್ಕಾಟ್-ಹೆರಾನ್ ಕೊನೆಯವರೆಗೂ ಉಳಿದರು. 1981ರ ಜನವರಿ 15ರ ವಾಷಿಂಗ್ಟನ್ ಸಭೆಯಲ್ಲೂ ಇದ್ದರು. 1983ರಲ್ಲಿ ರೇಗನ್ ಸಹಿ ಬಿತ್ತು, 1986ರಲ್ಲಿ ಮೊದಲ ರಜೆ. ಅದೇ ದಶಕದಲ್ಲಿ ಷಿಕಾಗೋದಲ್ಲಿ ಶುರುವಾದ ಸ್ಲ್ಯಾಮ್ ಎಂಬ ಕವಿತಾ ವಾಚನ ಸ್ಪರ್ಧೆಗಳಿಂದ ಬಾಯಿಪಾಠವಾಗಿ ಹೇಳಬಲ್ಲ ಹೊಸ ಪೀಳಿಗೆಯೂ ಬಂತು.

ಸಂದರ್ಭಕ್ಕೆ ಬರೆದದ್ದು ಘೋಷಣೆ, ಕಾವ್ಯವಲ್ಲ ಎಂಬ ಆಕ್ಷೇಪ ನಮಗೂ ಗೊತ್ತು. ಬಂಡಾಯದ ಕಾಲದಲ್ಲಿ ಇಲ್ಲೂ ಅದೇ ಜಗಳ. ಜೊಳ್ಳು ಬಹಳ, ನಿಜ. ಆದರೆ ಪುಟದ ಮೇಲೆ ಸವಕಲಾಗಿ ಕಾಣುವ ಪುನರುಕ್ತಿಗೆ ಸಭೆ ದನಿಗೂಡಿಸಿದಾಗ ಬಲ ಬರುತ್ತದೆ. ಕರೆಗೆ ಓಗೊಡುವ ಈ ಕ್ರಮ ಕಪ್ಪು ಚರ್ಚುಗಳದು, ಕಿಂಗ್ ಭಾಷಣದ ಕಸುವೂ ಅಲ್ಲಿಯದೇ. ಸರ್ಕಾರಿ ರಜೆ ಕವಿಯನ್ನು ಪಳಗಿಸುತ್ತದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಸಮಾರಂಭಗಳಿಗೆ ಬೇಕಾದವರು 1963ರ ಕನಸಿನ ಭಾಷಣದ ಕಿಂಗ್. 1967ರ ಏಪ್ರಿಲ್ 4ರಂದು ವಿಯೆಟ್ನಾಂ ಯುದ್ಧವನ್ನು ಖಂಡಿಸಿದ, ಸರಿಯಾಗಿ ವರ್ಷದ ಬಳಿಕ ಪೌರಕಾರ್ಮಿಕರ ಮುಷ್ಕರಕ್ಕೆ ಹೋಗಿ ಮೆಂಫಿಸ್‌ನಲ್ಲಿ ಕೊಲೆಯಾದ ಕಿಂಗ್ ಅಲ್ಲ. ಹಾಗೆಂದು ದಿನವನ್ನೇ ಬಿಟ್ಟುಕೊಟ್ಟರೆ ಆ ಕಿಂಗ್ ಪೂರ್ತಿ ಮರೆಯಾಗುತ್ತಾರೆ. ಆ ಮುಷ್ಕರಕ್ಕೆ ಕಿಡಿಯಾದದ್ದು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬಿಬ್ಬರು. ಅಧ್ಯಕ್ಷ ಭಾಷಣ ದಾಟಿಕೊಂಡು ಹೋಗುವ ಈ ಹೆಸರುಗಳನ್ನು ಅದೇ ವೇದಿಕೆಯಲ್ಲಿ ಎತ್ತಲು ಕವಿಗೆ ಹತ್ತು ನಿಮಿಷ ಸಿಕ್ಕರೂ ಸಾಕು.