ನಾಗಪುರದಲ್ಲಿ ಒಂದಾದ ಆರು ಸಭೆಗಳು

ಉತ್ತರ ಭಾರತದ ಸಭೆ, ಅಂದರೆ ಸಿ.ಎನ್.ಐ., ಅಸ್ತಿತ್ವಕ್ಕೆ ಬಂದದ್ದು 1970ರ ನವೆಂಬರ್ 29ರ ಭಾನುವಾರ, ನಾಗಪುರದಲ್ಲಿ. ಅಂದು ಆರು ಪ್ರಾಟೆಸ್ಟೆಂಟ್ ಪಂಗಡಗಳು ತಮ್ಮ ಪ್ರತ್ಯೇಕ ಹೆಸರುಗಳನ್ನು ಬಿಟ್ಟು ಒಂದೇ ಸಭೆಯಾದವು.

ಈ ಪಂಗಡಗಳ ಒಡಕು ಭಾರತದಲ್ಲಿ ಹುಟ್ಟಿದ್ದಲ್ಲ. ಯುರೋಪು, ಅಮೆರಿಕದ ಜಗಳಗಳು ಮಿಷನರಿಗಳ ಜೊತೆ ಹಡಗೇರಿ ಬಂದಿದ್ದವು. 1845ರಲ್ಲಿ ನಾಗಪುರಕ್ಕೆ ಬಂದ ಸ್ಟೀಫನ್ ಹಿಸ್ಲಾಪ್ ಸ್ಕಾಟ್ಲೆಂಡಿನ ಫ್ರೀ ಚರ್ಚಿನವರು. ಆ ಚರ್ಚು ಸ್ವದೇಶದಲ್ಲಿ ಮೂಲ ಸಭೆಯಿಂದ ಸಿಡಿದು ಎರಡೇ ವರ್ಷವಾಗಿತ್ತು. ಮಿಷನ್ನುಗಳು ತಮ್ಮತಮ್ಮಲ್ಲಿ ಪ್ರದೇಶ ಹಂಚಿಕೊಂಡಿದ್ದರಿಂದ ಒಬ್ಬ ವಿಶ್ವಾಸಿ ಪ್ರೆಸ್ಬಿಟೇರಿಯನ್ನೋ ಬ್ಯಾಪ್ಟಿಸ್ಟೋ ಎಂಬುದು ಬಹುಪಾಲು ಅವನು ಹುಟ್ಟಿದ ಜಿಲ್ಲೆಯ ಮೇಲೆ ನಿಂತಿತ್ತು. ಕೆಲಸ ಹುಡುಕಿ ಬೇರೆ ಊರಿಗೆ ಹೋದವನು ಅಲ್ಲಿಯ ಸಭೆಯ ಪವಿತ್ರ ಭೋಜನಕ್ಕೆ ಹೊರಗಿನವನಾಗಬಹುದಿತ್ತು. ಒಂದೇ ಕ್ರಿಸ್ತನನ್ನು ಸಾರಿದವರಿಗೆ ಇದಕ್ಕಿಂತ ದೊಡ್ಡ ಕಳಂಕವಿರಲಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಆಂಗ್ಲಿಕನ್ ಬಿಷಪ್ ವಿ.ಎಸ್. ಅಜರಯ್ಯ ಮತ್ತು ಅವರ ಸಂಗಡಿಗರು ಇದನ್ನು ಬಾಯಿಬಿಟ್ಟು ಹೇಳಿದರು.

ದಕ್ಷಿಣದವರು ಮೊದಲು ಒಂದಾದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತದ ಸಭೆ ಸ್ಥಾಪನೆಯಾಯಿತು. ಕನ್ನಡ ನಾಡಿನಲ್ಲಿ ಪರಿಚಿತವಾದ ಸಿ.ಎಸ್.ಐ. ಅದೇ. ಅಲ್ಲಿ ಬಿಷಪ್ಪರ ಕೈಯಿಂದ ಅಭಿಷೇಕ ಪಡೆಯದ ಸಭಾಪಾಲಕರನ್ನೂ ಇದ್ದಂತೆಯೇ ಸ್ವೀಕರಿಸಿ, ಅವರ ಸೇವೆಯ ಏಕೀಕರಣವನ್ನು ಕಾಲಕ್ಕೆ ಬಿಡಲಾಯಿತು. ಆ ನಡೆ ಉದಾರವಾಗಿತ್ತು. ಆದರೆ ಹೊರಗಿನ ಆಂಗ್ಲಿಕನ್ ಸಭೆಗಳು ಹೊಸ ಸಭೆಯೊಂದಿಗೆ ಪೂರ್ಣ ಅನ್ಯೋನ್ಯತೆಗೆ ಹಿಂಜರಿದವು.

ಉತ್ತರದವರು ಇದನ್ನು ಗಮನಿಸಿದ್ದರು. 1929ರಲ್ಲಿ ಲಖನೌದಲ್ಲಿ ಆರಂಭವಾದ ಅವರ ಮಾತುಕತೆ ನಾಲ್ಕು ದಶಕ ಎಳೆಯಿತು, ಯೋಜನೆಯ ಕರಡು ಮತ್ತೆ ಮತ್ತೆ ತಿದ್ದುಪಡಿಯಾಯಿತು. ಕೊನೆಗೆ ಸಭಾಪಾಲಕರ ಸೇವೆಯನ್ನು ಮೊದಲ ದಿನವೇ ಒಂದಾಗಿಸಲು ನಿರ್ಧರಿಸಲಾಯಿತು. ಎಲ್ಲ ಪಂಗಡಗಳ ಪ್ರತಿನಿಧಿಗಳೂ ಪ್ರಾರ್ಥನೆಯೊಂದಿಗೆ ಹಸ್ತಾರ್ಪಣೆಗೆ ಒಳಗಾದರು. ಬಿಷಪ್ಪರೂ ಇದಕ್ಕೆ ಹೊರತಾಗಿರಲಿಲ್ಲ. ಯಾರ ಹಳೆಯ ಅಭಿಷೇಕವನ್ನೂ ಅಸಿಂಧುವೆನ್ನದೆ, ಕೊರತೆಯಿದ್ದರೆ ದೇವರೇ ತುಂಬಲಿ ಎಂದು ಎಲ್ಲರೂ ತಲೆಬಾಗಿದ ಈ ವಿಧಿಯೇ ನಾಗಪುರದ ಅತ್ಯಂತ ಪಕ್ವ ಸಾಧನೆ.

ದೀಕ್ಷಾಸ್ನಾನದ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ದಕ್ಷಿಣದ ಒಕ್ಕೂಟದಲ್ಲಿ ಬ್ಯಾಪ್ಟಿಸ್ಟರಿರಲಿಲ್ಲ. ಇಲ್ಲಿ ಅವರಿದ್ದರು, ಬ್ರೆದ್ರೆನ್ ಮತ್ತು ಡಿಸೈಪಲ್ಸ್ ಪಂಗಡಗಳೂ ಇದ್ದವು. ಶಿಶುವಿಗೆ ಕೊಡುವ ದೀಕ್ಷಾಸ್ನಾನ, ಪ್ರಾಯಕ್ಕೆ ಬಂದು ನಂಬಿಕೆಯನ್ನು ಅರಿಕೆಮಾಡಿದ ಮೇಲಿನದು, ಎರಡೂ ಒಂದೇ ಸಭೆಯಲ್ಲಿ ಮಾನ್ಯವಾದವು. ಆಂಗ್ಲಿಕನ್ನರು, ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಮೂಲದ ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಷನಲ್ ಪರಂಪರೆಗಳ ಸಂಯುಕ್ತ ಸಭೆ ಉಳಿದ ಮೂರು ಪಾಲುದಾರರು.

ಅಮೆರಿಕನ್ ಮೂಲದ ದೊಡ್ಡ ಮೆಥೋಡಿಸ್ಟ್ ಸಭೆ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. ಆ ನೋವು ಉಳಿಯಿತು, ಆದರೂ ಏಕತೆಯ ಮಾತುಕತೆ ನಿಲ್ಲಲಿಲ್ಲ: 1978ರಲ್ಲಿ ಸಿ.ಎನ್.ಐ., ಸಿ.ಎಸ್.ಐ. ಮತ್ತು ಕೇರಳದ ಮಾರ್ ತೋಮಾ ಸಭೆಗಳು ಸೇರಿ ಜಂಟಿ ಮಂಡಳಿಯೊಂದನ್ನು ರಚಿಸಿಕೊಂಡವು.