ಎರಡಾಣೆಯ ಬ್ಯಾಂಕುಗಳು

ಬ್ಯಾಂಕುಗಳಿಗೆ ಸಮಾಜದ ಹೊಣೆ ಎಂಬುದೊಂದು ಉಂಟೇ ಎಂಬ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟವರು ಒಬ್ಬ ಅಡಿಗೆ ಭಟ್ಟರು. ಉಡುಪಿಯ ಕಡೆಯವರು. ವಡಪಳನಿಯ ಮುರುಗನ್ ದೇವಸ್ಥಾನದ ಸುತ್ತಿನ ಬೀದಿಗಳಲ್ಲಿ, ಆರ್ಕಾಟ್ ರಸ್ತೆಯ ಹೋಟೆಲುಗಳಲ್ಲಿ ನಲವತ್ತು ವರ್ಷ ಒಲೆಯ ಮುಂದೆ ನಿಂತವರು. ಇಲ್ಲಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲದಲ್ಲಿ ಹುಡುಗನಾಗಿ ಅಲ್ಲಿಗೆ ಊಟದ ಕ್ಯಾರಿಯರು ಹೊತ್ತುಕೊಂಡು ಹೋದ ಸಂಗತಿಯನ್ನು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. 2021ರ ಜುಲೈ ತಿಂಗಳಲ್ಲಿ ಒಂದು ಭಾನುವಾರ ಅವರು ಪಾಸ್ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಬೆಂಗಳೂರಿನಲ್ಲಿರುವ ಮಗ ಕಳುಹಿಸಿದ ಹಣ ಹಿಂದಕ್ಕೆ ಹೋಗಿತ್ತು.

"ನನ್ನ ಬ್ಯಾಂಕು ಎಲ್ಲಿ ಹೋಯ್ತು ಮಾರಾಯ್ರೇ?" ಎಂದು ಕೇಳಿದರು.

ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿದೆ, ಶಾಖೆಯ ಸಂಕೇತ ಸಂಖ್ಯೆ ಬದಲಾಗಿದೆ, ಹಣಕ್ಕೇನೂ ಮೋಸವಿಲ್ಲ ಎಂದು ನಾವು ವಿವರಿಸಿದೆವು. ಸರಕಾರಿ ಗುಮಾಸ್ತರಿಗೆ ಇಂತಹ ವಿವರಣೆ ಸಲೀಸು. ಭಟ್ಟರು ಪೂರ್ತಿ ಕೇಳಿಸಿಕೊಂಡು, "ಹಣ ಉಂಟು ಅಂತ ನನಗೆ ಗೊತ್ತುಂಟು. ನಾನು ಕೇಳಿದ್ದು ಬೇರೆ. ದಿನಾ ಅಡಿಗೆಮನೆ ಬಾಗಿಲಿಗೆ ಬಂದು ನನ್ನ ಕೈಯಿಂದ ರೂಪಾಯಿ ತಕ್ಕೊಂಡು ಹೋದವರು, ಮಗಳ ಮದುವೆಗೆ ಸಾಲ ಕೇಳಿದಾಗ ಜಾಮೀನು ಯಾರು ಅಂದರು. ಕಡೆಗೆ ಹೆಂಡತಿಯ ಬಳೆ ಗಿರವಿ ಅಂಗಡಿಗೆ ಹೋಯ್ತು. ಅಷ್ಟು ವರ್ಷ ಕೊಟ್ಟವನ ಋಣ ಅದಕ್ಕೆ ಉಂಟೋ ಇಲ್ಲವೋ?" ಎಂದರು.

ನಾವು ಓದಿದ್ದು ಬಿ.ಎಸ್ಸಿ.; ಅರ್ಥಶಾಸ್ತ್ರದ ಗಂಧ ನಮಗೆ ಅಷ್ಟಕ್ಕಷ್ಟೆ. ಆದರೂ ಆ ಪ್ರಶ್ನೆ ಬಿಡಲಿಲ್ಲ. ಕಚೇರಿ ಮುಗಿದ ಮೇಲೆ ಸಿಕ್ಕ ಪುಸ್ತಕಗಳನ್ನು ತಿರುವಿದಾಗ ಕಂಡ ಇತಿಹಾಸವನ್ನು ವಾಚಕರೊಡನೆ ಹಂಚಿಕೊಳ್ಳಬೇಕೆನಿಸಿತು. ಆ ಇತಿಹಾಸ ನಮ್ಮ ಕರಾವಳಿಯದು. ಅಷ್ಟೇ ಮಟ್ಟಿಗೆ ಈ ಮದರಾಸಿನದೂ ಹೌದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತ್ತಷ್ಟೆ.

1906ನೆಯ ಇಸವಿಯಿಂದ ಹೊರಡೋಣ. ಆ ವರ್ಷದ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ಅದು ದೊಡ್ಡ ಬಿಳಿಯರ ಕೋಠಿ. ಪಿಂಚಣಿದಾರರು, ವಿಧವೆಯರು, ದೇವಸ್ಥಾನಗಳವರು, ಜಮೀನ್ದಾರರು ನಂಬಿ ಹಣವಿಟ್ಟಿದ್ದರು. ಸಾವಿರಾರು ಕುಟುಂಬಗಳು ಒಂದೇ ದಿನ ಬೀದಿಗೆ ಬಿದ್ದವು. ಮಾಲೀಕ ಸರ್ ಜಾರ್ಜ್ ಆರ್ಬತ್‌ನಾಟ್ ಸೆರೆಮನೆ ಸೇರಿದನು. ಹಣ ಕಳೆದುಕೊಂಡವರ ಪರವಾಗಿ ಹೋರಾಡಿದ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮತ್ತು ಅವರ ಮಿತ್ರರು, ನಮ್ಮದೇ ಒಂದು ಬ್ಯಾಂಕು ಬೇಕೆಂದು 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಕಟ್ಟಿದರು. ಈ ಕಥೆ ಈ ಊರಿನಲ್ಲಿ ಅನೇಕರಿಗೆ ಗೊತ್ತು.

ಅದೇ 1906ರಲ್ಲಿ, ಈ ಗದ್ದಲಕ್ಕೂ ಮೊದಲೇ, ಪ್ರಾಂತದ ಪಶ್ಚಿಮದ ಅಂಚಿನಲ್ಲಿ ಎರಡು ಸಣ್ಣ ಸಂಸ್ಥೆಗಳು ಹುಟ್ಟಿಕೊಂಡಿದ್ದವು. ಆಗ ಆ ಜಿಲ್ಲೆಯಲ್ಲಿ ಬ್ಯಾಂಕೆಂದರೆ ಮಂಗಳೂರಿನಲ್ಲಿದ್ದ ಬ್ಯಾಂಕ್ ಆಫ್ ಮದ್ರಾಸಿನ ಶಾಖೆ ಒಂದೇ. ಅದು ಮುಖ್ಯವಾಗಿ ಇಂಗ್ಲಿಷ್ ಕಂಪನಿಗಳಿಗಾಗಿ ಇದ್ದದ್ದು. ಅದರ ಏಜೆಂಟರು ಹದಿನೈದು ದಿನಕ್ಕೊಮ್ಮೆ ಉಡುಪಿಗೆ ಬಂದು ಹೋಗುತ್ತಿದ್ದರು. ಉಳಿದಂತೆ ಜನ ಹಣ ಕಳಿಸಬೇಕಾದರೆ ಅಂಚೆ, ಸಾಲ ಬೇಕಾದರೆ ಸಾಹುಕಾರನ ಜಗಲಿ. ಹೀಗಿರುವಾಗ ಮಾರ್ಚ್ ತಿಂಗಳಲ್ಲಿ ಉಡುಪಿಯ ವ್ಯಾಪಾರಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರರು ಮಿತ್ರರೊಡನೆ ಸೇರಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬರೆದಿಟ್ಟರಲ್ಲ, ಅದು ನಮಗೆ ಬಹಳ ಹಿಡಿಸಿತು. ಲೆಕ್ಕದ ಪುಸ್ತಕದ ಮುಂದೆ ಕೂತವರಿಗೇ ಅದರ ರುಚಿ ಗೊತ್ತು. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದು ತಮ್ಮ ಉದ್ದೇಶವೆಂದು ಸ್ಥಾಪಕರು ಸಾರಿದ್ದರು. ಇದೇ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿತು.

ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಪೈಗಳು ವಕೀಲರು. ಫಂಡಿಗೆ ಹದಿನೈದು ವರ್ಷ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ಕಟ್ಟಿದವರು. ಈ ಕ್ರಮವನ್ನು ಗಮನಿಸಬೇಕು: ಮೊದಲು ಶಾಲೆ, ಅನಂತರ ಬ್ಯಾಂಕು. ಈಗಿನ ಕಂಪನಿಗಳು ಮೊದಲು ಲಾಭ ಮಾಡಿ ಆಮೇಲೆ ಅದರಲ್ಲೊಂದು ಪಾಲನ್ನು ಸಮಾಜಸೇವೆಯ ಲೆಕ್ಕಕ್ಕೆ ಬರೆಯುತ್ತವೆ. ಪೈಗಳ ಲೆಕ್ಕದಲ್ಲಿ ಇವೆರಡು ಬೇರೆಬೇರೆ ಪುಟಗಳಾಗಿದ್ದಂತೆ ತೋರುವುದಿಲ್ಲ.

1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್ ಹುಟ್ಟಿತು. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಎಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್. ಇದರ ಸ್ಥಾಪಕರು ಮೂವರು: ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ. ಕೈಯಲ್ಲಿದ್ದದ್ದು 8,000 ರೂಪಾಯಿ. ಉದ್ದೇಶ ಸೊರಗಿಹೋಗಿದ್ದ ಕೈಮಗ್ಗದ ನೇಕಾರರಿಗೆ ಹಣದ ಆಸರೆ ಕೊಡುವುದು. 1931ರ ವಿಜಯದಶಮಿಯ ಹೊತ್ತಿಗೆ, ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ ರೈತರು ತತ್ತರಿಸುತ್ತಿದ್ದಾಗ, ಅತ್ತಾವರ ಬಾಲಕೃಷ್ಣ ಶೆಟ್ಟರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದರು. ಶೆಟ್ಟರು ಮುಂದೆ ಮದರಾಸು ಸರಕಾರದಲ್ಲಿ ಮಂತ್ರಿಗಳಾದರೆಂಬುದನ್ನು ಇಲ್ಲಿನ ಕನ್ನಡಿಗರಲ್ಲಿ ಎಷ್ಟು ಮಂದಿ ನೆನೆಯುತ್ತಾರೋ ಕಾಣೆವು.

ಒಂದು ಮೂಲೆಯ ಜಿಲ್ಲೆಯಲ್ಲಿ ಇಷ್ಟು ಬ್ಯಾಂಕುಗಳೇಕೆ ಎಂದರೆ, ಅಲ್ಲಿನ ಬುದ್ಧಿವಂತಿಕೆಯೇ ಕಾರಣವೆಂದು ಎದೆ ತಟ್ಟಿಕೊಳ್ಳುವುದು ನಮ್ಮ ಸಂಘದ ಸಭೆಗಳಲ್ಲಿ ವಾಡಿಕೆ. ನಮಗೆ ಹಾಗೆನಿಸುವುದಿಲ್ಲ. ಜಾತಿ ಬಂಧುಗಳ ನಂಬಿಕೆಯೇ ಆ ಬ್ಯಾಂಕುಗಳ ಮೊದಲ ಬಂಡವಾಳವಾಗಿತ್ತು. ಹಣವಿಡುವವನಿಗೆ ಇಟ್ಟುಕೊಳ್ಳುವವನ ಮನೆ ಗೊತ್ತಿತ್ತು. ಆರ್ಬತ್‌ನಾಟ್ ಸಾಹೇಬನ ಮನೆ ಯಾರಿಗೆ ಗೊತ್ತಿತ್ತು? ಆದರೆ ಬಂಧುಗಳ ನಂಬಿಕೆಗೆ ಬೇಲಿಯೂ ಉಂಟು. ಆ ಬೇಲಿಯ ಹೊರಗಿದ್ದ ಕೂಲಿಯಾಳು, ಮೀನು ಮಾರುವವಳು ಬ್ಯಾಂಕಿನ ಮೆಟ್ಟಿಲು ಹತ್ತುವ ದಾರಿ ಯಾವುದು?

ದಾರಿ ತೆರೆದದ್ದು 1928ರಲ್ಲಿ, ಮೆಟ್ಟಿಲನ್ನೇ ಮನೆಬಾಗಿಲಿಗೆ ತರುವುದರ ಮೂಲಕ. ಸಿಂಡಿಕೇಟಿನವರು ಪಿಗ್ಮಿ ಠೇವಣಿ ಎಂಬ ಏರ್ಪಾಡನ್ನು ಹೂಡಿದರು. ಏಜೆಂಟನು ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ವಸೂಲು ಮಾಡಿ ಬರೆದುಕೊಂಡು ಹೋಗುವನು. ವಾಚಕರು ಲೆಕ್ಕ ಹಾಕಿ ನೋಡಲಿ: ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 730 ಆಣೆ, ಎಂದರೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ತಿಂಗಳ ಕೊನೆಯಲ್ಲಿ ಮೂರು ಮುಕ್ಕಾಲು ರೂಪಾಯಿಯನ್ನು ಒಟ್ಟಿಗೆ ಕೊಡೆಂದರೆ ಕೊಡಲಾರದವನು ದಿನದ ಎರಡಾಣೆಯನ್ನು ಕೊಟ್ಟಾನು. ಏಕೆಂದರೆ ಅವನ ಕೈಗೆ ಹಣ ಬರುವುದೇ ದಿನದಿನದ ಲೆಕ್ಕದಲ್ಲಿ. ಬಡವನ ಜೇಬಿನ ಪಂಚಾಂಗವನ್ನು ಬ್ಯಾಂಕು ಕಲಿತದ್ದು ಇಲ್ಲಿ. ಆಮೇಲೆ ಬೇರೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಇದನ್ನೇ ಅನುಸರಿಸಿದವು. ನಮ್ಮ ಕಡೆ ಈಗಲೂ ದಿನವಹಿ ಉಳಿತಾಯವೆಂದರೆ, ಬ್ಯಾಂಕು ಯಾವುದಾದರೂ ಆಗಲಿ, "ಪಿಗ್ಮಿ" ಎಂದೇ ಹೆಸರು.

ಭಟ್ಟರ ಪ್ರಶ್ನೆ ಇರುವುದು ಇದರ ಆಚೆಗೆ. ಹೀಗೆ ಕೂಡಿದ ಹಣ ಯಾರಿಗೆ ಸಾಲವಾಗಿ ಹೋಯಿತು? ನೇಕಾರರಿಗಾಗಿ, ರೈತರಿಗಾಗಿ ಹುಟ್ಟಿದ ಬ್ಯಾಂಕುಗಳೂ ಬೆಳೆದಂತೆಲ್ಲ ದೊಡ್ಡ ಪಟ್ಟಣಗಳ ವ್ಯಾಪಾರದ ಕಡೆ ಮುಖ ಮಾಡಿದವು. ಒಂದು ಬ್ಯಾಂಕಿನ ತಪ್ಪೆಂದು ಹೇಳುವಂತಿಲ್ಲ, ಇಡೀ ದೇಶದ ಚಾಳಿ ಅದಾಗಿತ್ತು. 1960ರ ದಶಕದ ಕೊನೆಗೆ ವಾಣಿಜ್ಯ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಬೇಸಾಯಕ್ಕೆ ದೊರೆಯುತ್ತಿದ್ದದ್ದು ಶೇಕಡಾ 2ರ ಆಸುಪಾಸು. ಹತ್ತರಲ್ಲಿ ಏಳು ಮಂದಿ ಹೊಲಗದ್ದೆಯಲ್ಲಿ ದುಡಿಯುತ್ತಿದ್ದ ದೇಶವಿದು! ಕೊಡುವಾಗ ಹಳ್ಳಿ, ಪಡೆಯುವಾಗ ಪಟ್ಟಣ.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1980ರ ಏಪ್ರಿಲಿನಲ್ಲಿ ಇನ್ನಾರು. ಅದರಲ್ಲಿ ಕಾರ್ಪೊರೇಷನ್, ವಿಜಯಾ. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ಹೀಗೆ ದೇಶದ ಸ್ವತ್ತಾದವು. ಸಮಾಜದ ಹೊಣೆ ಈಗ ಸ್ಥಾಪಕರ ಮನಸ್ಸಿನ ಮಾತಾಗಿ ಉಳಿಯಲಿಲ್ಲ, ಸುತ್ತೋಲೆಯ ಮಾತಾಯಿತು. ಕಡುಬಡವರಿಗೆ ಶೇಕಡಾ 4ರ ಬಡ್ಡಿಯ ಸಾಲ 1972ರಲ್ಲಿ ಬಂತು. 1975ರ ಗಾಂಧಿ ಜಯಂತಿಯಂದು ದೇಶದ ಮೊದಲ ಗ್ರಾಮೀಣ ಬ್ಯಾಂಕು, ಪ್ರಥಮಾ ಬ್ಯಾಂಕ್, ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾಯಿತು. ಅದರ ಪ್ರಾಯೋಜಕತ್ವ ಸಿಂಡಿಕೇಟ್ ಬ್ಯಾಂಕಿನದು. 1977ರಲ್ಲಿ ರಿಸರ್ವ್ ಬ್ಯಾಂಕು, ಬ್ಯಾಂಕಿರುವ ಊರಿನಲ್ಲಿ ಒಂದು ಹೊಸ ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ತೆರೆಯಿರಿ ಎಂದಿತು. 1969ರಲ್ಲಿ 8,300ರಷ್ಟಿದ್ದ ಶಾಖೆಗಳು 1991ರ ಹೊತ್ತಿಗೆ 60,000 ದಾಟಿದವು.

ಅನಂತರ ಸಾಲಮೇಳಗಳ ಕಾಲ. ಇದರ ಮುಂದಾಳು ಕೇಂದ್ರದ ಹಣಕಾಸು ರಾಜ್ಯ ಸಚಿವರಾಗಿದ್ದ ಜನಾರ್ದನ ಪೂಜಾರಿ. ಅವರೂ ಅದೇ ಜಿಲ್ಲೆಯವರೆಂಬುದು ಒಂದು ಯೋಗಾಯೋಗ. ಮೈದಾನದಲ್ಲಿ ಶಾಮಿಯಾನ ಹಾಕಿ ಬಡವರನ್ನು ಕರೆದು ಸಾಲ ಹಂಚುವುದನ್ನು ಕಂಡು ಬ್ಯಾಂಕಿನವರು ಹಲ್ಲು ಕಚ್ಚಿದರು. ಅವರ ದೂರಿನಲ್ಲಿ ಹುರುಳಿಲ್ಲದಿಲ್ಲ. ಎಮ್ಮೆಯ ಹೆಸರಿನಲ್ಲಿ ಸಾಲ ಪಡೆದು ಎಮ್ಮೆಯನ್ನೇ ಕಾಣದವರು ಇದ್ದರು, ಪಕ್ಷದವರ ಚೀಟಿ ಹಿಡಿದು ಬಂದವರೂ ಇದ್ದರು. ಬಡವನಿಗೆ ಕೊಟ್ಟ ಸಾವಿರ ರೂಪಾಯಿ ಮುಳುಗಿದರೆ ಅದು ಮೇಳದ ಫಲವೆನ್ನುವುದು, ಉದ್ಯಮಿಗೆ ಕೊಟ್ಟ ಕೋಟಿಗಳು ಮುಳುಗಿದರೆ ಮಾರುಕಟ್ಟೆಯ ಏರಿಳಿತವೆನ್ನುವುದು ಮಾತ್ರ ನಮಗೆ ಒಪ್ಪಿಗೆಯಾಗದು. ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು ಹೆಬ್ಬೆಟ್ಟು ಒತ್ತಿದ ಮೊದಲ ತಲೆಮಾರಿಗೆ ಆ ಮೇಳಗಳು ಏನಾಗಿದ್ದವೆಂಬುದನ್ನು ಸುಸ್ತಿಯ ಪಟ್ಟಿಯಿಂದ ಮಾತ್ರ ತಿಳಿಯಲಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಬಿಸಿಲು ಮಳೆಯೆನ್ನದೆ ಪಿಗ್ಮಿ ಸಂಗ್ರಹಿಸಿದ ಆ ಏಜೆಂಟರು ಬ್ಯಾಂಕಿನ ನೌಕರರೇ? ಅಲ್ಲ, ಕಮಿಷನ್ನಿಗೆ ದುಡಿಯುವ ಹೊರಗಿನವರು ಎಂಬುದು ಬ್ಯಾಂಕುಗಳ ವಾದ. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಲಿ 1988ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು. ಬ್ಯಾಂಕುಗಳು ಮೇಲಿಂದ ಮೇಲೆ ಹೋದವು. 2001ರಲ್ಲಿ ಸುಪ್ರೀಂ ಕೋರ್ಟು, ಇವರೂ ಕಾರ್ಮಿಕರೇ, ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಹೇಳಿತು. ಖಾಯಂ ನೌಕರರ ಸಂಬಳದ ಶ್ರೇಣಿ ಮಾತ್ರ ಅವರಿಗೆ ದೊರೆಯಲಿಲ್ಲ. ಎರಡಾಣೆಯ ಉಳಿತಾಯದ ಹೆಮ್ಮೆಯನ್ನು ಹಂಚಿಕೊಳ್ಳುವವರು ಈ ಹದಿಮೂರು ವರ್ಷದ ವ್ಯಾಜ್ಯವನ್ನೂ ಹಂಚಿಕೊಳ್ಳಬೇಕಾಗುತ್ತದೆ.

ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಸರಿಯಾಗಿ ಒಂದು ವರ್ಷದ ಮೇಲೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿದವು. ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದ ದಿನಗಳವು. 38 ರೂಪಾಯಿ 13 ಆಣೆ 2 ಪೈಯಿಂದ ಹೊರಟ ಹೆಸರು ಅಳಿದದ್ದನ್ನು ನೋಡಲು ಬೀದಿಯಲ್ಲಿ ಯಾರೂ ಇರಲಿಲ್ಲ. 2014ರಲ್ಲಿ ಬಂದ ಜನಧನ ಯೋಜನೆಯಿಂದ ಖಾತೆಯಿಲ್ಲದವರಿಗೂ ಖಾತೆಯಾಗಿದೆ, ಅದು ಸಣ್ಣ ಕೆಲಸವಲ್ಲ. ಆದರೂ ಖಾತೆಯಾದವನು ಸಾಲ ಕೇಳಲು ಹೋದರೆ ಅವನ ನಿತ್ಯದ ದುಡಿಮೆಯನ್ನು ಜಾಮೀನೆಂದು ಎಣಿಸುವವರು ಯಾರು ಎಂಬುದು ಭಟ್ಟರು ಕೇಳಿದ ಜಾಗದಲ್ಲೇ ನಿಂತಿದೆ. ಹತ್ತಾರು ವರ್ಷ ಒಂದು ದಿನವೂ ತಪ್ಪದೆ ಕಟ್ಟಿದ ಪಿಗ್ಮಿಯ ಪುಸ್ತಕಕ್ಕಿಂತ ಒಳ್ಳೆಯ ಜಾಮೀನು ಬೇಕೇ ಎಂದು ನಮಗೂ ಅನಿಸುತ್ತದೆ. ಆ ಎರಡು ಪೈಯನ್ನು ಬರೆದಿಟ್ಟವರು ಇದ್ದಿದ್ದರೆ ಆ ಪುಸ್ತಕವನ್ನು ಒಮ್ಮೆಯಾದರೂ ತೆರೆದು ನೋಡುತ್ತಿದ್ದರೇನೋ.

ಆ ವಾರವೇ ಅರ್ಧ ದಿನ ರಜೆ ಹಾಕಿ ಭಟ್ಟರನ್ನು ಕರೆದುಕೊಂಡು ಶಾಖೆಗೆ ಹೋದೆವು. ಕೌಂಟರಿನ ಹುಡುಗಿ ತಮಿಳಿನಲ್ಲಿ ಸೌಜನ್ಯದಿಂದ ಮಾತನಾಡಿಸಿ ಹೊಸ ಪಾಸ್ ಪುಸ್ತಕ ಅಚ್ಚು ಹಾಕಿಕೊಟ್ಟಳು. ಹಳೆಯದನ್ನು ಪಕ್ಕದ ಬುಟ್ಟಿಗೆ ಹಾಕಲು ಹೋದಳು. ಭಟ್ಟರು ಕೈ ಚಾಚಿ ಅದನ್ನು ಹಿಂದಕ್ಕೆ ಕೇಳಿ ಪಡೆದು, ಎರಡನ್ನೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಅಂಗಿಯೊಳಗೆ ಇಟ್ಟುಕೊಂಡರು.