ನಾಡಮೀನಿನ ರಕ್ಷಣೆಯೂ ಗಾಳದ ವಿನೋದವೂ

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಸುತ್ತಣ ಸೀಮೆಯು ನೀರು ಬೇರ್ಪಡುವ ನೆಲ. ಮಾಣಿಯ ಅಣೆಕಟ್ಟಿನಲ್ಲಿ ತಡೆಗೊಂಡ ವಾರಾಹಿಯು ಘಟ್ಟವನ್ನಿಳಿದು ಪಡುಗಡಲನ್ನು ಸೇರುವುದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರ ಸಾಗರಗಳ ಸೀಮೆಯನ್ನು ಹಾದು, ಜೋಗದಲ್ಲಿ ಧುಮುಕಿ, ಅದೇ ಕಡಲಿಗೆ ಹೋಗುವುದು. ತೀರ್ಥಹಳ್ಳಿಯ ಮಗ್ಗುಲಲ್ಲಿಯೇ ಹರಿಯುವ ತುಂಗೆಯಾದರೋ ಮೂಡಲಿಗೆ ತಿರುಗಿ, ಕೂಡಲಿಯಲ್ಲಿ ಭದ್ರೆಯೊಡಗೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುವುದು. ಹಕ್ಕಿಯು ಗಳಿಗೆಯೊಳಗೆ ದಾಟಬಲ್ಲ ಈ ದಿಬ್ಬಗಳು ಮೀನಿಗೆ ಕೋಟೆಯ ಗೋಡೆಗಳಿದ್ದಂತೆ. ಆದುದರಿಂದ ಮೀನಿನ ಸ್ವದೇಶವು ರಾಜ್ಯವೂ ಅಲ್ಲ, ಜಿಲ್ಲೆಯೂ ಅಲ್ಲ. ಒಂದು ನದಿಯ ಜಲಾನಯನವೇ ಅದರ ನಾಡು. ಈ ತತ್ತ್ವವನ್ನು ಮರೆತು ಗಾಳಗಾರರ ವಿನೋದಕ್ಕಾಗಿ ನದಿಗೆ ಮರಿಗಳನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಕಾವೇರಿಯ ಮಹಸೀರ್ ಮೀನಿನ ಚರಿತ್ರೆಯು ನಿದರ್ಶನವಾಗಿದೆ.

ಕನ್ನಡನಾಡಿನಲ್ಲಿ ಗಾಳದ ವಿನೋದವು ಹೊಸತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಕ್ರಿ. ಶ. ೧೧೨೬-೧೧೩೮) ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಮೀನುಗಳ ಹೆಸರು, ಬಗೆ, ಅವು ಇರುವ ನೀರು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ಉಪಕರಣಗಳು, ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಇನ್ನೊಂದು ಪರಂಪರೆಯು ಇದಕ್ಕೆ ವಿರುದ್ಧವಾದುದು. ಶೃಂಗೇರಿಯಲ್ಲಿಯೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ತುಂಗೆಯ ಮೀನುಗಳನ್ನು ಭಕ್ತರು ದೇವರ ಮೀನುಗಳೆಂದು ಭಾವಿಸಿ ಅಕ್ಕಿ ಪುರಿಗಳನ್ನು ಹಾಕುತ್ತಾರೆ. ಅಲ್ಲಿ ಬಲೆಗೂ ಗಾಳಕ್ಕೂ ಎಡೆಯಿಲ್ಲ. ಒಂದು ಅರಮನೆಯ ವಿನೋದ, ಇನ್ನೊಂದು ಗುಡಿಯ ಅಭಯ. ಆದರೆ ಎರಡರಲ್ಲಿಯೂ ಹೊಳೆಯಲ್ಲಿ ಇದ್ದ ಮೀನೇ ಆಧಾರ.

ಬೇರೆ ಕಡೆಯ ಮೀನನ್ನು ತಂದು ನಮ್ಮ ಹೊಳೆಗಳಿಗೆ ಬಿಡುವ ಯೋಚನೆಯು ಆಂಗ್ಲರಿಂದ ಬಂದಿತು. ೧೮೬೩ರಲ್ಲಿ ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನು ನೀಲಗಿರಿಗೆ ಟ್ರೌಟ್ ಮೀನನ್ನು ತರಲು ಯತ್ನಿಸಿ ವಿಫಲನಾದನು; ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಆ ಕಾರ್ಯವನ್ನು ಸಾಧಿಸಿದನು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸನಾದರೋ ನಾಡಿನ ಮಹಸೀರನ್ನೇ ಮೆಚ್ಚಿದವನು. ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ಗ್ರಂಥವು ಹಿಂದೂದೇಶದ ಗಾಳಗಾರರಿಗೆ ಬಹುಕಾಲ ಕೈಪಿಡಿಯಾಗಿದ್ದಿತು. ೧೮೯೭ರ ಮೀನುಗಾರಿಕೆಯ ಶಾಸನವು ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ೧೯೦೧ರಲ್ಲಿ ಮೈಸೂರು ಸಂಸ್ಥಾನವು ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ ಪ್ರತ್ಯೇಕ ರೆಗ್ಯುಲೇಷನ್ನನ್ನು ಮಾಡಿತು.

ಟ್ರೌಟ್ ಹೊರಗಿನದೆಂಬುದು ಯಾರಿಗೂ ಮರೆಯಾಗಿರಲಿಲ್ಲ. ಅದು ತಣ್ಣೀರಿನ ಮೀನಾದುದರಿಂದ ಎತ್ತರದ ಹೊಳೆಗಳನ್ನು ಬಿಟ್ಟು ಕೆಳಗೆ ಹರಡಲಿಲ್ಲ. ನಿಜವಾದ ಅಪಾಯವು ಬಂದುದು ಹೊರಗಿನದೆಂದು ಯಾರೂ ಶಂಕಿಸದಿದ್ದ ಮೀನಿನಿಂದ.

ಕಾವೇರಿಯಲ್ಲಿ ಡುಬ್ಬವುಳ್ಳ, ಕಿತ್ತಳೆ ಬಣ್ಣದ ರೆಕ್ಕೆಗಳ ಒಂದು ಮಹಸೀರ್ ಇದ್ದಿತು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು ೧೨೦ ಪೌಂಡ್ ತೂಗಿತು. ೧೯೭೮ರ ಸುಮಾರಿಗೆ ಇಂಗ್ಲೆಂಡಿನ ಕೆಲವು ಗಾಳಗಾರರು ಇದನ್ನು ಅರಸಿ ಬಂದ ಮೇಲೆ ಕಾವೇರಿಯು ಜಗತ್ಪ್ರಸಿದ್ಧವಾಯಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಬಿಡಾರಗಳೆದ್ದವು. ಹಿಡಿದ ಮೀನನ್ನು ತೂಗಿ ಮರಳಿ ನೀರಿಗೆ ಬಿಡುವುದು ಅಲ್ಲಿನ ನಿಯಮ. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿಯೇ ಕೆಲವರು ನದಿಯ ಕಾವಲುಗಾರರಾದರು.

ಇದೇ ಕಾಲದಲ್ಲಿ ಮಹಸೀರ್ ಕುಲವೇ ಕ್ಷೀಣಿಸುತ್ತಿದೆಯೆಂಬ ಕಳವಳವುಂಟಾಗಿ, ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಅದರ ಮರಿಗಳನ್ನು ಕೃತಕವಾಗಿ ಬೆಳೆಸಲಾರಂಭಿಸಿದರು. ಅಲ್ಲಿ ಬೆಳೆಸಿದುದು ನೀಲಿ ರೆಕ್ಕೆಯ ಮಹಸೀರ್. ೧೮೩೯ರಲ್ಲಿ ಸೈಕ್ಸ್ ಎಂಬವನು ಪುಣೆಯ ಸೀಮೆಯ ಮೂಳಾ-ಮುಠಾ ನದಿಯ ಮೀನನ್ನು ನೋಡಿ 'ಖುದ್ರೀ' ಎಂದು ಹೆಸರಿಸಿದುದು ಇದನ್ನೇ. ಇದು ಕೃಷ್ಣೆಯ ಜಲಾನಯನದ ಮೀನು. ಇದರ ಮರಿಗಳು ಅನೇಕ ಪ್ರಾಂತಗಳಿಗೆ ಹಂಚಿಕೆಯಾಗಿ ಕಾವೇರಿಗೂ ಬಂದವು. ರಕ್ಷಣೆಯೂ ವಿನೋದವೂ ಒಂದೇ ಕಾರ್ಯದಿಂದ ನೆರವೇರುವುವೆಂದು ಎಲ್ಲರೂ ಹಿಗ್ಗಿದರು.

ಗಾಳಗಾರರು ಬರೆದಿಟ್ಟ ಲೆಕ್ಕದ ಪುಸ್ತಕಗಳೇ ಕಡೆಗೆ ನಿಜವನ್ನು ಹೊರಗೆಡಹಿದುವು. ಗಾಳಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ಹಿಡಿದು ಬಿಟ್ಟ ೬,೧೬೧ ಮೀನುಗಳ ಲೆಕ್ಕವನ್ನು ಪಿಂಡರ್, ರಾಘವನ್, ಬ್ರಿಟನ್ ಎಂಬ ವಿದ್ವಾಂಸರು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ಮೀನುಗಳ ಸಂಖ್ಯೆಯು ಏರಿತ್ತು, ಸರಾಸರಿ ತೂಕವು ಇಳಿದಿತ್ತು. ಆದರೆ ಏರಿದುದು ನೀಲಿ ರೆಕ್ಕೆಯದು. ಡುಬ್ಬದ ಮೀನು ವರ್ಷವರ್ಷಕ್ಕೆ ವಿರಳವಾಗಿ, ಸಿಕ್ಕಿದವು ದೊಡ್ಡವೇ ಆಗಿದ್ದವು. ಅರ್ಥಾತ್ ಮರಿಗಳು ಬೆಳೆದು ಬರುತ್ತಿರಲಿಲ್ಲ. ಅಣೆಕಟ್ಟುಗಳು, ಮರಳು ತೆಗೆಯುವುದು, ಸಿಡಿಮದ್ದು ಇವುಗಳ ಪಾಲೂ ಈ ನಾಶದಲ್ಲಿ ಇಲ್ಲದಿಲ್ಲ. ವಿಷಾದದ ಸಂಗತಿಯೆಂದರೆ, ಜಗತ್ಪ್ರಸಿದ್ಧವಾದ ಈ ಮೀನಿಗೆ ಶಾಸ್ತ್ರೀಯವಾದ ಹೆಸರು ಕೂಡ ಆಗ ನಿಶ್ಚಿತವಾಗಿರಲಿಲ್ಲ. ಕಾವೇರಿಯ ಉಪನದಿಯಾದ ಪಾಂಬಾರಿನಿಂದ ಮೊದಲೇ ವರ್ಣಿತವಾಗಿದ್ದ 'ರೆಮಾದೇವಿ' ಎಂಬ ಜಾತಿಯೇ ಇದೆಂದು ನಿರ್ಣಯವಾದುದು ೨೦೧೮ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಅಳಿವಿನ ಅಂಚಿಗೆ ಸೇರಿತು. ನೀಲಿ ರೆಕ್ಕೆಯದಾದರೋ ಆತಂಕವಿಲ್ಲದ ವರ್ಗಕ್ಕೆ ಇಳಿಯಿತು.

ಇಷ್ಟರೊಳಗೆ ಶಾಸನವೂ ನಡುವೆ ಬಂದಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಅರ್ಥನಿರ್ಣಯದಂತೆ, ಅಭಯಾರಣ್ಯದೊಳಗೆ ಮೀನನ್ನು ಹಿಡಿದು ಬಿಡುವುದೂ ಬೇಟೆಯೇ ಎಂದಾಗಿ, ೨೦೧೨ರ ವೇಳೆಗೆ ಬಿಡಾರಗಳ ಗಾಳವು ನಿಂತಿತು. ನ್ಯಾಯದ ದೃಷ್ಟಿಯಿಂದ ಇದು ಅಸಂಗತವಲ್ಲ. ಹುಲಿಗೂ ಆನೆಗೂ ಇರುವ ಅಭಯವು ಮೀನಿಗೆ ಮಾತ್ರ ಏಕೆ ಬೇಡ? ಆದರೆ ಗಾಳದೊಡನೆ ಕಾವಲೂ ಹೋಯಿತು, ಲೆಕ್ಕದ ಪುಸ್ತಕವೂ ಮುಚ್ಚಿತು. ಹೊರಗಿನ ಮೀನನ್ನು ಸ್ವಾಗತಿಸಿದ ವಿನೋದವೇ ಅದರ ಹಾವಳಿಯನ್ನು ಕಂಡುಹಿಡಿಯಲು ಸಾಧನವನ್ನೂ ಒದಗಿಸಿತ್ತೆಂಬುದನ್ನು ಮರೆಯುವಂತಿಲ್ಲ.

ಮಾಸ್ತಿಕಟ್ಟೆಯ ಸೀಮೆಯ ನೀರುಗಳಿಗೂ ಈ ಚರಿತ್ರೆಯು ಅನ್ವಯಿಸುವುದು. ತುಂಗೆಯಲ್ಲಿ ನೀಲಿ ರೆಕ್ಕೆಯ ಮಹಸೀರ್ ಮನೆಯ ಮಗಳು. ಕಾವೇರಿಯಲ್ಲಿ ಅದೇ ಮೀನು ಮನೆಯವರನ್ನು ಹೊರದೂಡಿದ ಅತಿಥಿ. ಮೀನಿನಲ್ಲಿ ದೋಷವಿಲ್ಲ, ದೋಷವು ಅದನ್ನು ನದಿಯಿಂದ ನದಿಗೆ ಸಾಗಿಸಿದ ಕೈಯಲ್ಲಿದೆ. ಗುಡಿಯ ಮುಂದಿನ ಮಡುವು ಇದ್ದ ಮೀನನ್ನು ಇದ್ದಲ್ಲಿಯೇ ಕಾಯುತ್ತದೆ. ಮರಿಗಳನ್ನು ಬೆಳೆಸುವ ಕೊಳವು ಇಲ್ಲದುದನ್ನು ತಂದು ತುಂಬುತ್ತದೆ. ಮೊದಲನೆಯದು ರಕ್ಷಣೆ, ಎರಡನೆಯದು, ಆಯಾ ನದಿಯ ಮೀನನ್ನೇ ಬೆಳೆಸಿ ಆ ನದಿಗೇ ಬಿಟ್ಟಲ್ಲದೆ, ರಕ್ಷಣೆಯೆಂಬ ಹೆಸರಿಗೆ ಸಲ್ಲದು.